ಪಾಸ್‌ಪೋರ್ಟಿನ ಹೆಸರು, ವಲಸೆಯ ಕಾಗದ: ನಂಬಿಕೆ ಮತ್ತು ನಿಜ

ಭಾರತದ ಪಾಸ್‌ಪೋರ್ಟಿನಲ್ಲಿ ಹೆಸರಿಗೆ ಎರಡು ಅಂಕಣಗಳಿವೆ: ಸರ್‌ನೇಮ್ ಮತ್ತು ಗಿವನ್ ನೇಮ್. ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಇನಿಷಿಯಲ್ ಮಾಡಿ ಮುಂದಿಟ್ಟುಕೊಳ್ಳುವ ಹಳೆ ಮೈಸೂರು ಕಡೆಯ ರೂಢಿ ಈ ಅಂಕಣಗಳಿಗೆ ಸಲೀಸಾಗಿ ಒಗ್ಗುವುದಿಲ್ಲ. ಅಮೆರಿಕಕ್ಕೆ ಹೋಗುವ ಕನ್ನಡಿಗರ ಹೆಸರಿನ ತೊಡಕುಗಳಲ್ಲಿ ಬಹಳಷ್ಟು ಹುಟ್ಟುವುದು ಇಲ್ಲಿಯೇ.

ಸರ್‌ನೇಮ್ ಖಾಲಿ ಬಿಟ್ಟರೆ ಏನೂ ಆಗದು ಎಂಬುದು ಮೊದಲ ತಪ್ಪು ನಂಬಿಕೆ. ಹಾಗೆ ಖಾಲಿ ಬಿಟ್ಟ ಪಾಸ್‌ಪೋರ್ಟ್ ಭಾರತದಲ್ಲಿ ಸಿಂಧುವೇ. ಅಮೆರಿಕದ ವೀಸಾದಲ್ಲಿ ಮಾತ್ರ ಸರ್‌ನೇಮ್ ಇರಲೇಬೇಕು. ಆದ್ದರಿಂದ ಇಡೀ ಹೆಸರು ಆ ಜಾಗಕ್ಕೆ ಸರಿದು, ಗಿವನ್ ನೇಮ್ ಇರಬೇಕಾದಲ್ಲಿ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಕೂರುತ್ತದೆ. ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ತಂದೆತಾಯಿ ಪ್ರೀತಿಯಿಂದ ಇಟ್ಟ ಹೆಸರಿರುವವರಿಗೆ ಇದು ನೋವಿನ ಸಂಗತಿ. ವೀಸಾದಿಂದ ಈ ಮೂರಕ್ಷರ ಡ್ರೈವಿಂಗ್ ಲೈಸೆನ್ಸಿಗೆ, ಬ್ಯಾಂಕಿಗೆ, ಸಂಬಳದ ಚೀಟಿಗೆ ಹರಡುತ್ತದೆ. ಸಂಯುಕ್ತ ಅರಬ್ ಎಮಿರೇಟ್ಸ್ ಇನ್ನೂ ಕಟ್ಟುನಿಟ್ಟು: ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದವರಿಗೆ ಪ್ರವಾಸಿ ವೀಸಾ ಇಲ್ಲವೆಂದು 2022ರ ನವೆಂಬರ್‌ನಲ್ಲಿ ನಿಯಮ ತಂದಿತು. ವೀಸಾಕ್ಕೆ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟ್ ಮರುವಿತರಣೆ ಮಾಡಿಸಿ, ಇನಿಷಿಯಲ್ ಬಿಡಿಸಿ ಬರೆಸಿ, ಹೆಸರನ್ನು ಎರಡೂ ಅಂಕಣಗಳಿಗೆ ಹಂಚಿಸಿಕೊಳ್ಳುವುದೇ ಸರಿಯಾದ ದಾರಿ.

ಒಂದಕ್ಷರ ಬೇರೆಯಾದರೂ ಅರ್ಜಿ ತಿರಸ್ಕಾರವಾಗುತ್ತದೆ, ಹಾಗಾಗಿ ಹಳೆಯ ಕಾಗುಣಿತವನ್ನು ಹೇಳದಿರುವುದೇ ಲೇಸು ಎಂಬ ನಂಬಿಕೆ ಎಲ್ಲಕ್ಕಿಂತ ಅಪಾಯದ್ದು. ಗೌಡ ಎಂಬುದನ್ನು ಶಾಲೆಯ ದಾಖಲೆಯಲ್ಲಿ ಡಬ್ಲ್ಯು ಹಾಕಿ, ಪಾಸ್‌ಪೋರ್ಟಿನಲ್ಲಿ ಯು ಹಾಕಿ ಬರೆದಿರುವುದು ಅಪರೂಪವೇನಲ್ಲ. ಗ್ರೀನ್ ಕಾರ್ಡಿನ ಐ-485 ಅರ್ಜಿಯಲ್ಲಿಯೂ ಪೌರತ್ವದ ಎನ್-400 ಅರ್ಜಿಯಲ್ಲಿಯೂ ಈವರೆಗೆ ಬಳಸಿದ ಬೇರೆ ಹೆಸರುಗಳನ್ನು ಬರೆಯಲು ಪ್ರತ್ಯೇಕ ಜಾಗವಿದೆ. ಅಲ್ಲಿ ಬರೆದ ವ್ಯತ್ಯಾಸಕ್ಕೆ ವಿವರಣೆ ಕೊಡಬಹುದು. ಮುಚ್ಚಿಟ್ಟದ್ದು ನಂತರ ಹೊರಬಂದರೆ ಅನುಮಾನ ಅರ್ಜಿದಾರರ ಪ್ರಾಮಾಣಿಕತೆಯ ಮೇಲೆಯೇ ಬೀಳುತ್ತದೆ.

ಅಫಿಡವಿಟ್ ಮಾಡಿಸಿದರೆ ಎಲ್ಲ ಸರಿಹೋಯಿತು ಎನ್ನುವುದೂ ಪೂರ್ತಿ ನಿಜವಲ್ಲ. ಎರಡು ಹೆಸರು ಒಬ್ಬರದೇ ಎಂದು ಅದು ಸಾರುತ್ತದೆ, ಮೂಲ ದಾಖಲೆಯನ್ನು ತಿದ್ದುವುದಿಲ್ಲ. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ಇಲ್ಲದಿದ್ದರೆ 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಹೆಸರು ಸೇರಿಸಲು, ತಪ್ಪಾಗಿದ್ದರೆ 15ನೇ ಸೆಕ್ಷನ್ ಪ್ರಕಾರ ತಿದ್ದಿಸಲು ರಿಜಿಸ್ಟ್ರಾರರಲ್ಲಿಗೆ ಹೋಗಬೇಕು. ಜನನವೇ ನೋಂದಣಿಯಾಗಿಲ್ಲದಿದ್ದರೆ ದಾಖಲೆ ಲಭ್ಯವಿಲ್ಲವೆಂಬ ಪತ್ರ ಪಡೆದು, ಜೊತೆಗೆ ಶಾಲೆಯ ದಾಖಲೆಯಂಥ ಆಧಾರ ಕೊಡಬೇಕು. ಅದೂ ಸಿಗದಿದ್ದಾಗ ಜನನದ ವಿಷಯ ನೇರವಾಗಿ ಬಲ್ಲ ಇಬ್ಬರ ಅಫಿಡವಿಟ್ಟನ್ನು ಅಮೆರಿಕದ ವಲಸೆ ನಿಯಮ ಕೇಳುತ್ತದೆ.

ಮದುವೆಯಾದ ಹೆಣ್ಣು ಗಂಡನ ಹೆಸರು ಸೇರಿಸಿಕೊಳ್ಳಲೇಬೇಕೆಂಬ ನಿಯಮ ಎರಡೂ ದೇಶಗಳಲ್ಲಿ ಇಲ್ಲ. ಸಂಬಂಧವನ್ನು ಸಾಬೀತುಪಡಿಸಲು ವಿವಾಹ ಪ್ರಮಾಣಪತ್ರವಿದೆ. ಆಧಾರ್‌ನಲ್ಲಿ ಹೆಸರು ಬದಲಾಗಿದ್ದರೂ ವೀಸಾ ಬರುವುದು ಪಾಸ್‌ಪೋರ್ಟಿನ ಹೆಸರಿನಲ್ಲಿಯೇ.

ಅಮೆರಿಕದಲ್ಲಿ ನೆಲೆಸಿದ ಮೇಲೆ, ವೀಸಾದೊಂದಿಗೆ ಬಂದ ಹೆಸರನ್ನು ಜೀವನಪೂರ್ತಿ ಹೊರಬೇಕೆಂದು ಎಷ್ಟೋ ಜನ ಕೈಚೆಲ್ಲುತ್ತಾರೆ. ಆದರೆ ಪೌರತ್ವದ ಎನ್-400 ಅರ್ಜಿಯಲ್ಲಿಯೇ ಹೊಸ ಹೆಸರು ಕೋರಲು ಅವಕಾಶವಿದೆ. ಪ್ರಮಾಣವಚನ ನ್ಯಾಯಾಲಯದಲ್ಲಿ ನಡೆದರೆ ಮಾತ್ರ ಅದು ಜಾರಿಗೆ ಬರುತ್ತದೆ. ಹೆಸರು ಬದಲಿಸಿದ ನ್ಯಾಯಾಲಯದ ಆದೇಶದ ಪ್ರತಿಯನ್ನು ಜೋಪಾನವಾಗಿಡಬೇಕು. ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡಿಗೆ ಅರ್ಜಿ ಹಾಕುವಾಗ ಹಳೆಯ ಭಾರತೀಯ ಪಾಸ್‌ಪೋರ್ಟಿನ ಹೆಸರಿಗೂ ಹೊಸ ಹೆಸರಿಗೂ ಇರುವ ನಂಟನ್ನು ತೋರಿಸುವ ದಾಖಲೆ ಅದೇ.