ಊರಿಲ್ಲದ ಕಡಲತೀರದಲ್ಲಿ ಊರಿನ ಹುಡುಕಾಟ

ದಂಡು ಪ್ರದೇಶದ ವ್ಯಾಪಾರಿ ಕುಟುಂಬಗಳಿಗೆ ಹಡಗಿನ ವಿಹಾರಯಾತ್ರೆ ಈಗ ಅಪರೂಪದ ಸಂಗತಿಯಲ್ಲ. ಮಗನೋ ಮಗಳೋ ಅಮೆರಿಕದಲ್ಲಿದ್ದರೆ, ಅವರನ್ನು ನೋಡಲು ಹೋದ ತಂದೆತಾಯಿಗಳಿಗೆ ನಯಾಗರಾ ಜಲಪಾತದ ಜೊತೆಗೆ ಮಯಾಮಿಯಿಂದ ಬಹಾಮಾಸ್‌ಗೆ ಹೋಗಿಬರುವ ಮೂರು ನಾಲ್ಕು ದಿನಗಳ ಹಡಗಿನ ಪ್ರವಾಸವೂ ಒದಗುತ್ತದೆ. ಹಲಸೂರಿನಲ್ಲಿ ಬಹುಕಾಲದಿಂದ ಹಾರ್ಡ್‌ವೇರ್ ಅಂಗಡಿ ನಡೆಸುತ್ತಿರುವ ನನ್ನ ಕಕ್ಷಿದಾರರೊಬ್ಬರು ಅಂಥ ಯಾತ್ರೆ ಮುಗಿಸಿ ಬಂದು, ಲೆಕ್ಕಪತ್ರಗಳ ನಡುವೆ ಹೇಳಿದ ಮಾತು ಈ ಲೇಖನಕ್ಕೆ ನಿಮಿತ್ತವಾಯಿತು. “ಸಾರ್, ನಾನು ಎಲ್ಲಿಗೆ ಹೋದರೂ ಮೊದಲು ಅಲ್ಲಿನ ಮಾರ್ಕೆಟ್ ನೋಡುವವನು. ಬೆಳಗ್ಗೆ ಒಂದು ದ್ವೀಪದಲ್ಲಿ ಇಳಿಸಿದರು. ಮರಳು, ನೀರು, ಊಟ ಎಲ್ಲ ಚೆನ್ನಾಗಿತ್ತು. ಈ ಊರಿನ ಪೇಟೆ ಎಲ್ಲಿ ಎಂದು ಕೇಳಿದರೆ, ಅಪ್ಪಾ ಇಲ್ಲಿ ಊರೇ ಇಲ್ಲ, ಇದು ಹಡಗಿನವರ ಜಾಗ ಎಂದಳು ಮಗಳು.”

ಮಗಳ ಮಾತು ಅಕ್ಷರಶಃ ನಿಜ. 1977ರಲ್ಲಿ ನಾರ್ವೇಜಿಯನ್ ಕಂಪನಿಯು ಗ್ರೇಟ್ ಸ್ಟಿರಪ್ ಕೇ ಎಂಬ ದ್ವೀಪವನ್ನು ತನ್ನದಾಗಿಸಿಕೊಂಡಿತು. ಹಾಲೆಂಡ್ ಅಮೆರಿಕ ಕಂಪನಿಯು 1996ರಲ್ಲಿ ಹಾಫ್ ಮೂನ್ ಕೇ ದ್ವೀಪವನ್ನು ಕೊಂಡಿತು; 1998ರಲ್ಲಿ ಡಿಸ್ನಿಯ ದ್ವೀಪ ತೆರೆಯಿತು. ಕಾರ್ನಿವಲ್ ಕಂಪನಿಯ ಸೆಲೆಬ್ರೇಶನ್ ಕೀ 2025ರ ಜುಲೈನಲ್ಲಿ ಆರಂಭವಾಯಿತು. ‘ಕೇ’ ಎಂದರೆ ಮರಳಿನ ಚಿಕ್ಕ ದ್ವೀಪ. ಇವುಗಳಲ್ಲಿ ಹಲವು ಮೊದಲಿನಿಂದಲೂ ನಿರ್ಜನ. ಪ್ರವಾಸಿಗನು ಅಲ್ಲಿ ಕಾಣುವ ಬಹಾಮಾಸ್ ಪ್ರಜೆಗಳು ಪಕ್ಕದ ದ್ವೀಪಗಳಿಂದ ದುಡಿಮೆಗೆ ಬರುವವರು. ಅವರ ಮನೆ, ಚರ್ಚು, ಶಾಲೆ, ಡಿಸೆಂಬರ್ 26ರಂದು ಬೀದಿಯಲ್ಲಿ ನಡೆಯುವ ಜಂಕನೂ ಮೆರವಣಿಗೆ, ಇವೆಲ್ಲ ಬೇರೆಡೆ ಇವೆ.

ಹಡಗು ಅಲ್ಲಿ ನಿಲ್ಲುವುದಕ್ಕೆ ಸೌಂದರ್ಯವೊಂದೇ ಕಾರಣವಲ್ಲ. ಅಮೆರಿಕದಲ್ಲಿ 1886ರಷ್ಟು ಹಳೆಯದಾದ ಕಾಯಿದೆಯೊಂದಿದೆ. ಅದರಂತೆ ವಿದೇಶಿ ಧ್ವಜದ ಹಡಗು ಅಮೆರಿಕದ ಬಂದರಿನಿಂದ ಪ್ರಯಾಣಿಕರನ್ನು ಹತ್ತಿಸಿಕೊಂಡು ಅದೇ ಬಂದರಿಗೆ ಮರಳಬೇಕಾದರೆ ನಡುವೆ ಪರದೇಶದ ಬಂದರೊಂದನ್ನು ಮುಟ್ಟಲೇಬೇಕು. ದೊಡ್ಡ ವಿಹಾರ ಹಡಗುಗಳ ನೋಂದಣಿ ಬಹುಪಾಲು ಬಹಾಮಾಸ್, ಪನಾಮಾ ಮುಂತಾದ ದೇಶಗಳಲ್ಲಿದೆ. ಹೇಗೂ ಒಂದು ಪರದೇಶವನ್ನು ಮುಟ್ಟಲೇಬೇಕೆಂದಾದಾಗ, ಅದು ತನ್ನದೇ ಹಿಡಿತದಲ್ಲಿರಲಿ ಎಂದು ಕಂಪನಿ ಬಯಸುವುದು ಸಹಜ. ತೆರಿಗೆ ಕಾಯಿದೆಗಳ ನಡುವೆಯೇ ಬದುಕುವ ನಮ್ಮಂಥವರಿಗೆ ಈ ಜಾಣ್ಮೆ ಅಪರಿಚಿತವೇನಲ್ಲ!

ಈಗ ಹಣದ ಜಾಡು ಹಿಡಿಯೋಣ. ಯಾತ್ರಿಕನು ನಸ್ಸಾವ್ ನಗರದಲ್ಲಿ ಇಳಿದರೆ ಟ್ಯಾಕ್ಸಿಯವನಿಗೆ, ಹೋಟೆಲಿನವನಿಗೆ, ಅಂಗಡಿಯವನಿಗೆ ಅವನ ಕಿಸೆಯಿಂದ ಒಂದಿಷ್ಟು ಸೇರುತ್ತದೆ. ಖಾಸಗಿ ದ್ವೀಪದಲ್ಲಿ ಊಟವು ಟಿಕೆಟ್ಟಿನಲ್ಲೇ ಅಡಕ. ಪಾನೀಯ, ನೆರಳಿನ ಕುಟೀರ, ಜಲಕ್ರೀಡೆಗಳ ಶುಲ್ಕ ಹಡಗಿನ ಕಾರ್ಡಿನ ಮೂಲಕ ಕಂಪನಿಯ ಖಾತೆಗೇ ಜಮೆ. ಸ್ಥಳೀಯರಿಗೆ ಮುಖ್ಯವಾಗಿ ಸಲ್ಲುವುದು ಕೂಲಿ, ಸರ್ಕಾರಕ್ಕೆ ತಲೆಗಂದಾಯ ಮತ್ತು ಬೆರಳೆಣಿಕೆಯ ಮಳಿಗೆಗಳ ವ್ಯಾಪಾರ. ಬಹಾಮಾಸ್ ಸರ್ಕಾರವು ಇದನ್ನು ಅರಿತಂತೆ ತೋರುತ್ತದೆ. 2024ರ ಜನವರಿಯಿಂದ ನಸ್ಸಾವ್ ಮತ್ತು ಫ್ರೀಪೋರ್ಟ್‌ಗಳಲ್ಲಿ ತಲಾ 23 ಡಾಲರ್ ಇದ್ದರೆ, ಖಾಸಗಿ ದ್ವೀಪಗಳಲ್ಲಿ 25 ಡಾಲರ್ ಎಂದು ಪ್ರಯಾಣಿಕರ ತೆರಿಗೆಯನ್ನು ನಿಗದಿಗೊಳಿಸಿತು.

ಆ ಬೆರಳೆಣಿಕೆಯ ಮಳಿಗೆಗಳಲ್ಲಿ ತಾಳೆಗರಿಯ ಬುಟ್ಟಿ, ಟೋಪಿ, ಚೀಲಗಳು ದೊರೆಯುತ್ತವೆ. ಗರಿ ಹೆಣೆಯುವುದು ಆ ನಾಡಿನ ನಿಜವಾದ ಕಸುಬು. ಆದರೆ ಯಾರು ಹೆಣೆದರು, ಎಲ್ಲಿ ಹೆಣೆದರು ಎಂಬುದು ಮಳಿಗೆಯಲ್ಲಿ ನಿಂತವನಿಗೆ ತಿಳಿಯುವುದು ಕಷ್ಟ. ಹೆಣೆದವರ ಊರು ಬೇಲಿಯ ಆಚೆಗಿದೆ, ಸಮುದ್ರವೇ ಬೇಲಿ.

ನಿಜವಾದ ಬೇಲಿಯನ್ನೇ ಹಾಕಿದ ಉದಾಹರಣೆಯೂ ಉಂಟು. ಹೈಟಿ ದೇಶದ ಲಬಾಡಿ ಎಂಬ ಕಡಲತೀರವನ್ನು ರಾಯಲ್ ಕೆರಿಬಿಯನ್ ಕಂಪನಿಯು 1986ರಿಂದ ಗುತ್ತಿಗೆಗೆ ಪಡೆಯಿತು. ಆವರಣದೊಳಗೇ ಕುಶಲಕರ್ಮಿಗಳ ಸಂತೆ. ಮರದ ಕೆತ್ತನೆ, ಬಣ್ಣದ ಚಿತ್ರಗಳು. 2010ರ ಜನವರಿ 12ರ ಭೀಕರ ಭೂಕಂಪದ ಕೆಲವೇ ದಿನಗಳಲ್ಲಿ ವಿಹಾರ ಹಡಗು ಅಲ್ಲಿಗೆ ಬಂದಾಗ ಜಗತ್ತಿನಾದ್ಯಂತ ಚರ್ಚೆಯಾಯಿತು. ಪರಿಹಾರ ಸಾಮಗ್ರಿಯನ್ನೂ ತಂದಿದ್ದೇವೆ, ಸಂತೆಯವರಿಗೆ ದುಡಿಮೆ ಬೇಕು ಎಂಬುದು ಕಂಪನಿಯ ಸಮರ್ಥನೆಯಾಗಿತ್ತು. ಆ ವಾದದಲ್ಲಿ ಸತ್ಯಾಂಶವಿತ್ತು ಎಂದೇ ನನ್ನ ಅನಿಸಿಕೆ. ಆದರೆ 2024ರಲ್ಲಿ ದೇಶದ ಹಿಂಸಾಚಾರದಿಂದಾಗಿ ಕಂಪನಿಯು ಹಡಗುಗಳ ಭೇಟಿಯನ್ನು ತಡೆಹಿಡಿದಾಗ ಸಂತೆಗೆ ಗಿರಾಕಿಗಳೇ ಇಲ್ಲವಾದರು. ಒಂದೇ ಕಾರ್ಖಾನೆಗೆ ಬಿಡಿಭಾಗ ಪೂರೈಸುವ ನಮ್ಮ ಕೃಷ್ಣರಾಜಪುರದ ಸಣ್ಣ ಉದ್ಯಮಿಗಳಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಂಗಳೂರಿನ ಎಂಟು ಗಂಟೆಗಳು

ಕರ್ನಾಟಕಕ್ಕೂ ವಿಹಾರ ಹಡಗುಗಳು ಬರುತ್ತವೆ ಎಂಬುದು ಬೆಂಗಳೂರಿನ ಅನೇಕ ವರ್ತಕರ ಗಮನಕ್ಕೆ ಬಂದಿಲ್ಲ. ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಮುಂಜಾನೆ ನಿಂತ ಹಡಗು ಸಾಮಾನ್ಯವಾಗಿ ಸಂಜೆಗೆ ಹೊರಡುತ್ತದೆ. ಯಕ್ಷಗಾನದ ವೇಷಧಾರಿಗಳ ಸ್ವಾಗತ, ಬಂದರಿನಲ್ಲೇ ಕರಕುಶಲ ವಸ್ತುಗಳ ಮಳಿಗೆ. ಅನಂತರ ಬಸ್ಸುಗಳು ಕುದ್ರೋಳಿಯ ಗೋಕರ್ಣನಾಥ ದೇವಾಲಯಕ್ಕೆ, ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ, ಇಟಲಿಯ ಮೊಸ್ಕೇನಿ ಚಿತ್ರಿಸಿದ ಅಲೋಶಿಯಸ್ ಚಾಪೆಲ್‌ಗೆ, ಮಾರುಕಟ್ಟೆಗೆ, ಗೋಡಂಬಿ ಕಾರ್ಖಾನೆಗೆ ಹೊರಡುತ್ತವೆ.

ಈ ಪಟ್ಟಿಯಲ್ಲಿ ಗೋಡಂಬಿ ಕಾರ್ಖಾನೆಯತ್ತ ವಾಚಕರ ಗಮನವನ್ನು ಸೆಳೆಯಬಯಸುತ್ತೇನೆ. ಅಲ್ಲಿ ನಡೆಯುವುದು ಪ್ರದರ್ಶನವಲ್ಲ, ಉತ್ಪಾದನೆ. ಬೀಜವನ್ನು ಹಬೆಯಲ್ಲಿ ಬೇಯಿಸಿ, ಸಿಪ್ಪೆ ಒಡೆದು, ಒಣಗಿಸಿ, ಹೊಟ್ಟು ತೆಗೆದು, ಇಡೀ ತಿರುಳು ಮತ್ತು ಒಡಕುಗಳೆಂದು ವಿಂಗಡಿಸುವ ಕೆಲಸ ಹಡಗು ಬಾರದ ದಿನವೂ ನಡೆಯುತ್ತಿರುತ್ತದೆ. ಬಂದರಿನ ಬಾಗಿಲಲ್ಲಿ ಕಿರೀಟ ಧರಿಸಿ ನಿಂತ ವೇಷಧಾರಿಯು ಕಥೆಯಿಲ್ಲದೆ, ಭಾಗವತರಿಲ್ಲದೆ, ರಾತ್ರಿಯಿಲ್ಲದೆ ನಿಂತಿರುತ್ತಾನೆ. ಕಲಾವಿದನಿಗೆ ಸಂಭಾವನೆ ಸಲ್ಲುವುದರಿಂದ ಅದನ್ನು ಆಕ್ಷೇಪಿಸಲಾರೆ. ಆದರೆ ಊರನ್ನು ನೋಡಬಂದವನಿಗೆ ಊರು ಸಿಗುವುದು ತಿರುಳು ವಿಂಗಡಿಸುವ ಹೆಂಗಸರ ಮೇಜಿನ ಬಳಿಯಲ್ಲಿ ಎಂಬುದು ನನ್ನ ಅಭಿಪ್ರಾಯ.

ಅಪ್ಪಟ ಸಂಸ್ಕೃತಿ ಎಂದರೆ ಹೊರಗಿನವರ ಸೋಂಕಿಲ್ಲದ್ದು ಎಂದು ಭಾವಿಸಿದರೆ ನಮ್ಮ ಶಿವಾಜಿನಗರಕ್ಕೆ ಏನೂ ಉಳಿಯದು. 1809ರಲ್ಲಿ ಬ್ರಿಟಿಷ್ ದಂಡು ಬೀಡುಬಿಟ್ಟ ಮೇಲೆ ಅದಕ್ಕೆ ಸರಕು ಪೂರೈಸಲು ಬಂದವರಿಂದ ಬೆಳೆದ ಪೇಟೆ ಇದು. 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆ 1933ರಲ್ಲಿ ಉದ್ಘಾಟನೆಯಾಯಿತು. ಒಂದೇ ಚೌಕಾಸಿಯಲ್ಲಿ ತಮಿಳು, ಉರ್ದು, ಕನ್ನಡ, ಇಂಗ್ಲಿಷುಗಳು ಬೆರೆಯುತ್ತವೆ. ಸೆಪ್ಟೆಂಬರ್ 8ರ ಮರಿಯಮ್ಮನ ಹಬ್ಬಕ್ಕೆ ಸಂತ ಮೇರಿ ಬೆಸಿಲಿಕಾದ ಸುತ್ತ ಕಾವಿಬಟ್ಟೆ ತೊಟ್ಟವರು ತುಂಬುತ್ತಾರೆ, ಅವರಿಗೆ ಬಟ್ಟೆ ಮಾರುವ ಅಂಗಡಿಗಳು ಎಲ್ಲ ಧರ್ಮದವರವು. ಇಲ್ಲಿನ ಗಿರಾಕಿ ಈ ಊರಿನವನೇ. ಪರದೇಶಿ ಬಂದರೆ ಅವನು ಎರಡನೆಯ ಗಿರಾಕಿ. ಖಾಸಗಿ ಕಡಲತೀರದ ಮಳಿಗೆಗೆ ಈ ಮೊದಲನೆಯ ಗಿರಾಕಿಯೇ ಇಲ್ಲ. ಅಲ್ಲಿನ ಸರಕು ಪೊಳ್ಳೆನಿಸುವುದೂ, ಹಡಗು ಬಾರದಿದ್ದರೆ ಮಳಿಗೆ ಮುಚ್ಚುವುದೂ ಆ ಒಂದೇ ಕಾರಣದಿಂದ.

ಮಂಗಳೂರಿನ ಹಡಗಿನವರಿಗೆ ಸರಕು ಮಾರಲು ಉತ್ಸುಕರಾದ ಸದಸ್ಯರಿಗೆ ವ್ಯವಹಾರದ ಎರಡು ಮಾತು. ಹಡಗಿನವನ ಬಳಿ ಇರುವುದು ಕೆಲವೇ ಗಂಟೆಗಳ ಸಮಯ ಮತ್ತು ಚಿಕ್ಕ ಕೈಚೀಲ. ಚನ್ನಪಟ್ಟಣದ ಅರಗಿನ ಬಣ್ಣದ ಬೊಂಬೆಯಾಗಲಿ, ಕೊಡಗಿನ ಕಾಫಿಪುಡಿಯಾಗಲಿ, ಅಂಗೈಯಗಲದ ಪೊಟ್ಟಣದಲ್ಲಿರಬೇಕು, ಬೆಲೆ ಮುದ್ರಿತವಾಗಿರಬೇಕು, ವಿದೇಶಿ ಕಾರ್ಡು ಸ್ವೀಕರಿಸುವ ಯಂತ್ರವಿರಬೇಕು. ತಯಾರಿಸಿದವರ ಊರು, ಕಸುಬು, ಬಳಸಿದ ಮರ ಅಥವಾ ಬೀಜದ ಹೆಸರನ್ನು ಚೀಟಿಯಲ್ಲಿ ನಮೂದಿಸಿದರೆ, ಖರೀದಿಸಿದವನು ಮನೆಯಲ್ಲಿ ಹೇಳಿಕೊಳ್ಳಲು ಒಂದು ಊರು ಸಿಗುತ್ತದೆ. ಆದರೆ ಈ ವಹಿವಾಟು ಒಟ್ಟು ಮಾರಾಟದ ಸಣ್ಣ ಪಾಲಾಗಿಯೇ ಇರಲಿ. ಇದನ್ನು ನಂಬಿ ಸಾಲ ಮಾಡಿ ದಾಸ್ತಾನು ಪೇರಿಸಲು ನಾನಂತೂ ಸಲಹೆ ನೀಡೆನು.

ಮಳೆಗಾಲ ಕಳೆದ ಮೇಲೆ ಆರಂಭವಾಗುವ ಹಡಗಿನ ಋತು ಬೇಸಿಗೆಯವರೆಗೆ ಸಾಗುತ್ತದೆ. ಯಾತ್ರಿಕರು ಎಲ್ಲಿ ಇಳಿಯಬೇಕು, ಯಾವ ಅಂಗಡಿಯ ಮುಂದೆ ಬಸ್ಸು ನಿಲ್ಲಬೇಕು ಎಂಬುದು ಬಹಳ ಮೊದಲೇ ಗೊತ್ತಾಗಿರುತ್ತದೆ. ಆಸಕ್ತರು ಪ್ರವಾಸ ಏರ್ಪಡಿಸುವ ಮಂಗಳೂರಿನ ಏಜೆಂಟರನ್ನು ಮುಂಗಾರಿಗೆ ಮುನ್ನವೇ ಮಾದರಿಗಳೊಂದಿಗೆ ಕಾಣುವುದು ಒಳಿತು.