ಅಂತರಂಗದ ಕಿರ್ದಿ



ಅಂಗಡಿಯಿಟ್ಟವರು ಕದ ಹಾಕುವ ಮೊದಲು ಕಿರ್ದಿ ಬರೆಯುತ್ತಾರೆ. ಅಂದಿನ ಜಮೆ ಎಷ್ಟು, ಖರ್ಚು ಎಷ್ಟು, ಯಾರಿಂದ ಬರಬೇಕು ಎಂಬುದನ್ನು ಅಂದೇ ಬರೆಯದಿದ್ದರೆ ನಾಳೆ ಮರೆತುಹೋಗುತ್ತದೆ. ದೀಪಾವಳಿಯಲ್ಲಿ ಆ ಪುಸ್ತಕಕ್ಕೆ ಪೂಜೆಯೂ ಸಲ್ಲುತ್ತದೆ. ಆದರೆ ಮನಸ್ಸೆಂಬ ಅಂಗಡಿಗೆ ಮಾತ್ರ ಕಿರ್ದಿಯೇ ಇಲ್ಲ! ಹೊಲದ ಬದುವಿನ ಮೇಲೆ ನಿಂತು ಅಣ್ಣ ಆಡಿದ ಒಂದು ಮಾತು ತಮ್ಮನ ಎದೆಯಲ್ಲಿ ಹತ್ತು ವರ್ಷ ಬಡ್ಡಿ ಬೆಳೆಸಿಕೊಂಡು ಕುಳಿತಿರುತ್ತದೆ. ಅಸಲು ಎಷ್ಟಿತ್ತಪ್ಪಾ ಎಂದು ಕೇಳಿದರೆ ಅವನಿಗೇ ಹೇಳಲು ಬಾರದು. ಇಂಥ ವ್ಯಾಜ್ಯಗಳನ್ನು ಹೊತ್ತು ಮಠಕ್ಕೆ ಬರುವವರನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಬದುವಿನ ತಕರಾರು ಒಂದು ಮೊಳದ್ದು. ಅದಕ್ಕಾಗಿ ಎರಡು ಮನೆಗಳ ಮಕ್ಕಳು ಒಬ್ಬರ ಮದುವೆಗೆ ಇನ್ನೊಬ್ಬರು ಹೋಗುವುದಿಲ್ಲ.

ಆದುದರಿಂದಲೇ ದಿನಚರಿ ಬರೆಯಿರೆಂದು ಹೇಳುತ್ತೇವೆ. ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತವರು. ಹಣದ ಲೆಕ್ಕ ಬಲ್ಲ ಅವರು ತಮ್ಮ ಮನಸ್ಸಿನ ಚಾಂಚಲ್ಯವನ್ನೂ ಮುಚ್ಚಿಡದೆ ಕೂಡಲಸಂಗಮದೇವನ ಮುಂದೆ ವಚನಗಳಲ್ಲಿ ಒಪ್ಪಿಸಿದರು. ಅಂತರಂಗಶುದ್ಧಿಗೆ ಅದಕ್ಕಿಂತ ಬೇರೆ ನಿದರ್ಶನ ಬೇಕೆ?

ನಮ್ಮ ಕಾಲಕ್ಕೆ ಹತ್ತಿರದ್ದನ್ನು ನೋಡೋಣ. 1930ರ ದಾಂಡಿ ಯಾತ್ರೆಯಲ್ಲಿ ಗಾಂಧೀಜಿಯವರು ಸಂಗಡಿಗರಿಗೆ ಪ್ರಾರ್ಥನೆ, ನೂಲುವುದು, ದಿನಚರಿ ಬರೆಯುವುದು ಈ ಮೂರನ್ನೂ ನಿಯಮವಾಗಿ ಇಟ್ಟಿದ್ದರು. ನಡೆದು ನಡೆದು ಕಾಲು ಬೊಕ್ಕೆ ಬಂದರೂ ಬರೆಯಲೇಬೇಕು. ಆ ತಂಡದಲ್ಲಿ ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ಇದ್ದರು. ಆಗ ಅವರಿಗೆ 18 ವರ್ಷ. 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದ ಆ ವೀರನ ತಾರುಣ್ಯ ಇಂಥ ಶಿಸ್ತಿನಲ್ಲಿ ಬೆಳೆದದ್ದು.

ಏನನ್ನು ಬರೆಯಬೇಕು? ಎದ್ದೆ, ಉಂಡೆ, ಸಂತೆಗೆ ಹೋದೆ ಎಂದು ಬರೆದರೆ ಅದು ಪಂಚಾಂಗ. ಅಮೇರಿಕೆಯ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಎಂಬವರು 1986ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. 46 ವಿದ್ಯಾರ್ಥಿಗಳನ್ನು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಲು ಕೂರಿಸಿದರು. ಕೆಲವರು ಸಾಮಾನ್ಯ ಸಂಗತಿ ಬರೆದರು; ಕೆಲವರು ಬಾಳಿನಲ್ಲಿ ಉಂಡ ದುಃಖದ ಘಟನೆಯನ್ನಷ್ಟೇ, ಕೆಲವರು ಭಾವನೆಯನ್ನಷ್ಟೇ, ಉಳಿದವರು ಘಟನೆ ಭಾವನೆ ಎರಡನ್ನೂ ಕೂಡಿಸಿ ಬರೆದರು. ಮುಂದಿನ ಆರು ತಿಂಗಳಲ್ಲಿ ವೈದ್ಯರ ಬಳಿಗೆ ಹೋಗುವುದು ಕಡಿಮೆಯಾದದ್ದು ಎರಡನ್ನೂ ಕೂಡಿಸಿ ಬರೆದವರಲ್ಲಿ. ನಡೆದದ್ದು ಮತ್ತು ನೊಂದದ್ದು, ಎರಡೂ ಒಂದೇ ಹಾಳೆಯ ಮೇಲೆ ಬರಬೇಕು. “ಅಣ್ಣ ಹೀಗೆಂದ, ನನಗೆ ಹೀಗಾಯಿತು, ನಾನು ಏನಂದೆ?” ಈ ಮೂರನೆಯ ಪ್ರಶ್ನೆಯ ಹತ್ತಿರ ಲೇಖನಿ ತಡೆಯುತ್ತದೆ. ಅಲ್ಲಿ ಎದ್ದುಹೋಗಬೇಡಿ. ಅಣ್ಣನ ತಪ್ಪನ್ನೇ ಪುಟಗಟ್ಟಲೆ ಬರೆದರೆ ಅದು ಕೋರ್ಟಿನ ಫಿರ್ಯಾದಿಯಾದೀತು, ದಿನಚರಿಯಾಗದು.

ಇನ್ನೊಂದು ಮಾತು. ದುಃಖವನ್ನು ಬರೆದವರಿಗೆ ಬರೆದ ಕೂಡಲೇ ಮನಸ್ಸು ಹಗುರಾಗಲಿಲ್ಲ, ಇನ್ನಷ್ಟು ಭಾರವಾಯಿತೆಂದೂ ಆ ಪ್ರಯೋಗದಲ್ಲಿ ಕಂಡುಬಂದಿದೆ. ಗಾಯ ತೊಳೆಯುವಾಗ ಉರಿಯುವುದಿಲ್ಲವೇ? ಆದರೆ ದಿನಗಳು ಕಳೆದರೂ ನಿದ್ರೆ ಬಾರದೆ, ಬದುಕೇ ಬೇಡವೆನಿಸಿದರೆ ಪುಸ್ತಕ ಮುಚ್ಚಿ ವೈದ್ಯರಲ್ಲಿಗೆ ಹೋಗಿರಿ; ಅದರಲ್ಲಿ ನಾಚಿಕೆಯಿಲ್ಲ.

ರಾತ್ರಿ ಲಿಂಗಪೂಜೆ ಮುಗಿಸಿ, ಮಲಗುವ ಮುನ್ನ ಒಂದು ಗಳಿಗೆ ಸಾಕು. ಮಕ್ಕಳ ಹಳೆಯ ನೋಟುಪುಸ್ತಕದ ಉಳಿದ ಹಾಳೆಗಳಾದರೂ ನಡೆದೀತು. ಮನೆಯವರು ಓದಿಯಾರೆಂಬ ಅಂಜಿಕೆಯಿದ್ದರೆ ಬರೆದ ಹಾಳೆಯನ್ನು ಒಲೆಗೆ ಹಾಕಿರಿ. ಅಕ್ಷರ ಬಾರದ ತಾಯಂದಿರು ಕರಸ್ಥಲದ ಲಿಂಗದ ಮುಂದೆ ಅಂದಿನದನ್ನು ಮೆಲುದನಿಯಲ್ಲಿ ಹೇಳಿಕೊಳ್ಳಲಿ.