ಇಲ್ಲಿ ಪುನರ್ವಸು ಮಳೆ, ಅಲ್ಲಿ ಸಂಜೆ ಸಂತೆ

ಮಕ್ಕಳೇ, ಮನೆಯಲ್ಲಿ ಅಟ್ಲಾಸ್ ಇದ್ದರೆ ಒಮ್ಮೆ ತೆರೆದಿಟ್ಟುಕೊಳ್ಳಿ. ಸಮಭಾಜಕ ವೃತ್ತದಿಂದ ಸುಮಾರು 14 ಡಿಗ್ರಿ ಉತ್ತರಕ್ಕೆ ಬಂದರೆ ನಮ್ಮ ಶಿವಮೊಗ್ಗ, ಭದ್ರಾವತಿ. ಅದೇ ಗೆರೆಯಿಂದ 12 ಡಿಗ್ರಿ ಚಿಲ್ಲರೆ ದಕ್ಷಿಣಕ್ಕೆ ಇಳಿದು, ಪೂರ್ವಕ್ಕೆ ಬಹುದೂರ ಸರಿದರೆ ಆಸ್ಟ್ರೇಲಿಯಾದ ಉತ್ತರದ ಅಂಚಿನಲ್ಲಿ ಡಾರ್ವಿನ್ ಎಂಬ ಊರು. ನಡುವೆ ಒಂದು ಕನ್ನಡಿ ನಿಲ್ಲಿಸಿದ ಹಾಗೆ ನಾವು ಮೇಲೆ, ಅವರು ಕೆಳಗೆ.

ಮಗಳ ಸಂಸಾರ ಅಲ್ಲಿರುವುದರಿಂದ ಜುಲೈ ತಿಂಗಳಲ್ಲಿ ನಾನು ಡಾರ್ವಿನ್ನಿಗೆ ಹೋದೆ. ಭದ್ರಾವತಿ ಬಿಡುವಾಗ ಪುನರ್ವಸು ಮಳೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗಿರಲಿಲ್ಲ, ಅರ್ಧ ಒದ್ದೆಯಾಗಿಯೇ ಪೆಟ್ಟಿಗೆ ಸೇರಿತ್ತು. ಅಲ್ಲಿ ಇಳಿದರೆ ಒಂದು ಚೂರು ಮೋಡವಿಲ್ಲ! ಮಗಳ ಮನೆಯ ಹಿತ್ತಲಲ್ಲಿ ಹರವಿದ ಸೀರೆ ಒಂದು ಗಂಟೆಯಲ್ಲಿ ಹಪ್ಪಳದಂತಾಯಿತು. ಅಂಗಳದಲ್ಲಿ ಮಾವಿನ ಮರ. ನಮ್ಮಲ್ಲಿ ಹಣ್ಣು ಮುಗಿದು ಓಟೆ ಮೊಳಕೆಯೊಡೆಯುವ ಹೊತ್ತಿಗೆ ಅದು ಹೂ ಬಿಡುತ್ತಿತ್ತು.

ಗುರುವಾರ ಸಂಜೆ ಮೊಮ್ಮಗ ನನ್ನನ್ನು ಮಿಂಡಿಲ್ ಬೀಚ್ ಸಂತೆಗೆ ಎಳೆದುಕೊಂಡು ಹೋದ. 1987ರಲ್ಲಿ ಶುರುವಾದ ಸಂತೆಯಂತೆ. ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ, ಗುರುವಾರ ಮತ್ತು ಭಾನುವಾರ ಸಂಜೆ ಮಾತ್ರ ನಡೆಯುತ್ತದೆ. ತೆಂಗಿನ ಮರಗಳ ಕೆಳಗೆ ಸಾಲು ಸಾಲು ಡೇರೆ, ಅದರಾಚೆ ಮರಳು, ಅದರಾಚೆ ಸಮುದ್ರ. ಜನ ಚಾಪೆ, ಮಡಚುವ ಕುರ್ಚಿ, ನೀರಿನ ಬಾಟಲಿ ಹೊತ್ತು ಬರುತ್ತಾರೆ. ನಮ್ಮಲ್ಲಿ ಜಾತ್ರೆಯ ತೇರು ನೋಡಲು ಬೇಗ ಬಂದು ಜಾಗ ಹಿಡಿಯುವುದಿಲ್ಲವೇ, ಹಾಗೆ.

ತೊಂಡೆಕಾಯಿ, ಸೊಪ್ಪು, ಒಣಮೆಣಸು ಹುಡುಕಿಕೊಂಡು ಹೋದರೆ ನಿರಾಸೆಯಾದೀತು. ಅಲ್ಲಿ ಮುಖ್ಯ ವ್ಯಾಪಾರ ಊಟ. ಥಾಯ್ಲೆಂಡ್, ಇಂಡೋನೇಷ್ಯಾ, ವಿಯೆಟ್ನಾಂ, ಶ್ರೀಲಂಕಾ ಎಲ್ಲ ಕಡೆಯ ಅಡುಗೆಯ ಹೊಗೆ ಒಂದೇ ಓಣಿಯಲ್ಲಿ. ಒಂದು ಡೇರೆಯಲ್ಲಿ ಬಟ್ಟಲು ತುಂಬ ಲಕ್ಸಾ ಎಂಬ ತಿನಿಸು ಕಂಡೆ: ಅಕ್ಕಿ ಶಾವಿಗೆ, ಮೇಲೆ ತೆಂಗಿನ ಹಾಲು. ‘ಅಯ್ಯೋ, ನಮ್ಮ ಒತ್ತು ಶಾವಿಗೆ, ಕಾಯಿಹಾಲು ಇಲ್ಲಿಗೆ ಯಾವಾಗ ಬಂತು!’ ಎಂದು ಕೈ ಚಾಚುವಷ್ಟರಲ್ಲಿ ಮಗಳು ತಡೆದಳು. ಅದರ ಮಸಾಲೆಗೆ ಒಣ ಸೀಗಡಿ ಅರೆದು ಹಾಕುತ್ತಾರಂತೆ. ಹಸಿ ಪರಂಗಿ ಕಾಯಿಯ ಕೋಸಂಬರಿಯೂ ಅಷ್ಟೇ, ಮೀನಿನ ಸಾರ ಬೇಡವೆಂದು ಮೊದಲೇ ಹೇಳಬೇಕು. ಹೇಳಿದೆವು. ಮಾರುವ ಹೆಂಗಸು ನಗುತ್ತಾ ಹೊಸದಾಗಿ ಕುಟ್ಟಿ ಕೊಟ್ಟಳು. ಹುಳಿ, ಖಾರ, ಬೆಲ್ಲ ಮೂರೂ ಹದವಾಗಿ ಬಿದ್ದ ಆ ಕೋಸಂಬರಿಯನ್ನು ನಾನು ಎರಡು ಸಲ ತಿಂದೆ. ಪಕ್ಕದಲ್ಲೇ ಮೊಸಳೆ, ಕಾಂಗರೂ ಮಾಂಸ ಸುಡುತ್ತಿದ್ದರು. ಅತ್ತ ಮುಖ ತಿರುಗಿಸದೆ ಮುಂದೆ ಹೋದೆ.

ಹುಳಿ ಎಂದಾಗ ನೆನಪಾಯಿತು. ಆ ತೀರದುದ್ದಕ್ಕೂ ಅಲ್ಲಲ್ಲಿ ಹಳೆಯ ಹುಣಸೆ ಮರಗಳಿವೆ. ಹುಣಸೆ ಆಸ್ಟ್ರೇಲಿಯಾದ ಮೂಲದ ಮರವಲ್ಲ. ಈಗಿನ ಇಂಡೋನೇಷ್ಯಾದ ಮಕಾಸ್ಸರ್ ಬಂದರಿನ ನಾವಿಕರು 1700ರ ದಶಕಗಳಿಂದಲಾದರೂ ಅಲ್ಲಿಗೆ ಬರುತ್ತಿದ್ದರು. ಸಮುದ್ರ ಸೌತೆ ಎಂಬ ಜೀವಿಯನ್ನು ಹಿಡಿದು, ಬೇಯಿಸಿ, ಒಣಗಿಸಿ ಚೀನಾಕ್ಕೆ ಮಾರುವುದು ಅವರ ಕಸುಬು. ಅವರು ಬೀಡುಬಿಟ್ಟ ಕಡೆಗಳಲ್ಲಿ ಹುಣಸೆ ಬೀಜ ಬಿದ್ದು ಮರವಾಯಿತು. ಎಲ್ಲಿ ಹಳೆಯ ಹುಣಸೆಯೋ ಅಲ್ಲಿ ಅವರ ಬಿಡಾರವಿತ್ತು ಎಂದು ಇಂದಿಗೂ ಗುರುತಿಸುತ್ತಾರೆ. ಆ ನಾವಿಕರು ಡಿಸೆಂಬರಿನಲ್ಲಿ ವಾಯವ್ಯದ ಮಳೆಗಾಳಿ ಹಿಡಿದು ಬಂದು, ಗಾಳಿ ತಿರುಗಿ ಆಗ್ನೇಯದಿಂದ ಬೀಸತೊಡಗಿದಾಗ ಹಾಯಿ ಬಿಚ್ಚಿ ಮರಳುತ್ತಿದ್ದರು.

ಈ ಆಗ್ನೇಯದ ಗಾಳಿಯನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ, ಅದು ನಮ್ಮ ಊರಿನವರೆಗೂ ಬರುತ್ತದೆ. ಮೇ ತಿಂಗಳಿಂದ ಡಾರ್ವಿನ್ನಿನಲ್ಲಿ ಬೀಸುವುದು ನೆಲದ ಮೇಲಿಂದ ಬಂದ ಒಣ ಆಗ್ನೇಯ ಗಾಳಿ. ದಕ್ಷಿಣ ಗೋಳಾರ್ಧದ ಈ ಆಗ್ನೇಯ ಮಾರುತಗಳೇ ಹಿಂದೂ ಮಹಾಸಾಗರದ ಮೇಲೆ ಸಾಗಿ ನೀರು ಹೀರಿಕೊಳ್ಳುತ್ತವೆ. ಸಮಭಾಜಕ ವೃತ್ತ ದಾಟಿದ ಮೇಲೆ ಭೂಮಿಯ ತಿರುಗುವಿಕೆಯಿಂದಾಗಿ ಬಲಕ್ಕೆ ಬಾಗುತ್ತವೆ. ಹಾಗೆ ಬಾಗಿದ ಗಾಳಿಯೇ ನಮ್ಮ ನೈಋತ್ಯ ಮುಂಗಾರು. ಅದು ಸಹ್ಯಾದ್ರಿಗೆ ಡಿಕ್ಕಿ ಹೊಡೆದು ಆಗುಂಬೆಯಲ್ಲಿ ಸುರಿಯುತ್ತದೆ, ತುಂಗೆ ಭದ್ರೆಯರನ್ನು ತುಂಬಿಸುತ್ತದೆ. ಅವರ ಸಂತೆಯನ್ನು ಒಣಗಿಸುವ ಗಾಳಿಯ ಬಳಗವೇ ನಮ್ಮ ಸಂತೆಯನ್ನು ತೋಯಿಸುವುದು.

ನಮ್ಮ ಮಲೆನಾಡಿನ ಅಜ್ಜಂದಿರು ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ ಎಂದು ಮಳೆಯನ್ನು ನಕ್ಷತ್ರದಿಂದ ಎಣಿಸುತ್ತಾರಲ್ಲ. ಡಾರ್ವಿನ್ ನೆಲದ ಮೂಲನಿವಾಸಿಗಳು ಲಾರಾಕಿಯಾ ಜನ. ಅವರ ಪಂಚಾಂಗದಲ್ಲಿ ವರ್ಷಕ್ಕೆ ಏಳು ಋತು. ಯಾವ ಗಾಳಿ ಬೀಸಿತು, ಯಾವ ಹಣ್ಣು ಮಾಗಿತು, ಯಾವ ಮೀನು ಕೊಬ್ಬಿತು ಎಂಬುದರ ಮೇಲೆ ಅವರ ಲೆಕ್ಕ. ‘ಎರಡೇ ಋತು, ಒಣ ಕಾಲ ಮತ್ತು ಒದ್ದೆ ಕಾಲ’ ಎಂದು ಪ್ರವಾಸಿಗರ ಕೈಪಿಡಿ ಹೇಳುತ್ತದೆ. ನನಗೆ ಲಾರಾಕಿಯಾ ಅಜ್ಜಂದಿರ ಲೆಕ್ಕವೇ ಹೆಚ್ಚು ಸರಿ ಎನಿಸುತ್ತದೆ.

ಮೊಮ್ಮಗನಿಗೆ ಇದಾವುದೂ ಬೇಡ. ಅವನಿಗೆ ಬೇಕಾದದ್ದು ಡಿಜರಿಡೂ. ಆಳೆತ್ತರದ ಮರದ ಕೊಳವೆ ಅದು. ಅದನ್ನು ಕೊರೆದವರು ಬಡಗಿಗಳಲ್ಲ, ಗೆದ್ದಲು! ನೀಲಗಿರಿ ಜಾತಿಯ ಮರದ ತಿರುಳನ್ನು ಗೆದ್ದಲು ತಿಂದು ಪೊಳ್ಳು ಮಾಡಿರುತ್ತದೆ. ಮನುಷ್ಯರು ಕಾಂಡವನ್ನು ತಟ್ಟಿ, ಸದ್ದು ಕೇಳಿ, ಸರಿಯಾದ್ದನ್ನು ಆರಿಸಿ ಕತ್ತರಿಸುತ್ತಾರೆ. ನುಡಿಸುವವನು ಕೆನ್ನೆಯಲ್ಲಿ ಗಾಳಿ ಹಿಡಿದುಕೊಂಡು ಅದನ್ನು ಊದುತ್ತಲೇ ಮೂಗಿನಿಂದ ಉಸಿರೆಳೆಯುತ್ತಾನೆ. ಆದ್ದರಿಂದ ನಾದ ಕಡಿಯುವುದೇ ಇಲ್ಲ. ನಮ್ಮ ಹಾವಾಡಿಗರು ಪುಂಗಿ ಊದುವ ಉಪಾಯವೂ ಇದೇ. ಬೇಕಿದ್ದರೆ ಒಂದು ಲೋಟ ನೀರಿಗೆ ಹುಲ್ಲುಕಡ್ಡಿ ಇಟ್ಟು ಗುಳ್ಳೆ ನಿಲ್ಲದಂತೆ ಊದಿ ನೋಡಿ. ಅಮ್ಮ ಬೈದರೆ ನನ್ನ ಹೆಸರು ಹೇಳಬೇಡಿ.

ಆರೂವರೆ ದಾಟುತ್ತಿದ್ದಂತೆ ಸಂತೆಗೆ ಸಂತೆಯೇ ಎದ್ದು ಮರಳಿಗೆ ನಡೆಯಿತು. ಕೆಂಪು ಸೂರ್ಯ ನೇರ ನೀರಿಗಿಳಿಯುವುದನ್ನು ನೋಡಲು. ನೀರಿಗೆ ಮಾತ್ರ ಯಾರೂ ಇಳಿಯಲಿಲ್ಲ, ಉಪ್ಪುನೀರಿನ ಮೊಸಳೆ ಇದ್ದೀತು ಎಂಬ ಎಚ್ಚರಿಕೆ ಅಲ್ಲಿನವರಿಗೆಲ್ಲ ಗೊತ್ತು. ನನಗೆ ಆಗುಂಬೆಯ ಸೂರ್ಯಾಸ್ತ ಕಟ್ಟೆಯ ನೆನಪು. ಅಲ್ಲಿ ಜುಲೈಯಲ್ಲಿ ನಿಂತರೆ ಕಾಣುವುದು ಮಂಜು, ಒದ್ದೆ ಮಂಗ, ಅಷ್ಟೇ.

ಅಷ್ಟರಲ್ಲಿ ಶಿವಮೊಗ್ಗದಿಂದ ತಂಗಿಯ ಫೋನು. ನಮಗೆ ಸಂಜೆ ಏಳಾದರೆ ಊರಲ್ಲಿ ಮಧ್ಯಾಹ್ನ ಮೂರು. ಗಾಂಧಿ ಬಜಾರಿಗೆ ಹೋಗಿ ಬಂದಳಂತೆ. ‘ಹೂವಿನವಳು ಕೂತಿದ್ದಾಳೆ ಅಕ್ಕ, ನೀಲಿ ಟಾರ್ಪಾಲಿನ ಅಡಿ. ನಾಲ್ಕು ದಿನದಿಂದ ಮಲ್ಲಿಗೆ ಎಲ್ಲ ಕೊಳೆತು ಹೋಯ್ತಂತೆ. ನನಗೆ ಬೇಡದಿದ್ದರೂ ಎರಡು ಮೊಳ ತಗೊಂಡೆ’ ಎಂದಳು. ಆ ಹೂವಿನವಳಿಂದ ನಾವಿಬ್ಬರೂ ಹೂ ಕೊಳ್ಳುವುದು ನನ್ನ ಮದುವೆಗಿಂತ ಹಿಂದಿನ ರೂಢಿ.

ಪರಂಗಿ ಕುಟ್ಟಿಕೊಟ್ಟ ಹೆಂಗಸನ್ನು ಮಗಳ ಮೂಲಕ ಕೇಳಿದೆ: ಮಳೆ ಬಂದಾಗ ನೀವೇನು ಮಾಡುತ್ತೀರಿ? ‘ಸಂತೆ ಆರು ತಿಂಗಳು ಮುಚ್ಚುತ್ತದೆ, ಬೇರೆ ಕೆಲಸಕ್ಕೆ ಹೋಗುತ್ತೇನೆ’ ಎಂದಳು. ಕಷ್ಟ ಅವಳಿಗೂ ಇದ್ದೀತು. ಆದರೆ ಮಳೆ ಬಂತೆಂದು ಅವಳ ಡೇರೆ ಮುಚ್ಚಬಹುದು, ನಮ್ಮ ಹೂವಿನವಳ ಟಾರ್ಪಾಲು ಮುಚ್ಚಲಾಗದು. ಅವತ್ತಿನ ಹೂ ಅವತ್ತಿನ ಅಕ್ಕಿ. ಬೀದಿಬದಿ ವ್ಯಾಪಾರಿಗಳಿಗೆ ಜಾಗ ಗುರುತಿಸಿ ಕೊಡಬೇಕೆಂದು 2014ರಲ್ಲಿ ದೇಶಕ್ಕೇ ಒಂದು ಕಾಯ್ದೆಯಾಗಿದೆ. ಮಲೆನಾಡಿನ ಊರುಗಳಲ್ಲಿ ಆ ಜಾಗದ ಮೇಲೊಂದು ಸೂರೂ ಬೇಕು ಎಂದು ನನ್ನ ವಾದ. ನಾಲ್ಕು ತಿಂಗಳು ಸುರಿಯುವ ಊರಿಗೆ ನೆಲದ ಗೆರೆ ಸಾಕಾಗುವುದಿಲ್ಲ.

ಅಕ್ಟೋಬರ್ ಕೊನೆಗೆ ಮಿಂಡಿಲ್ ಸಂತೆಯ ಡೇರೆಗಳು ಬಿಚ್ಚಿಕೊಳ್ಳುತ್ತವೆ, ವಾಯವ್ಯದ ಕಡೆ ಮೋಡ ಕಟ್ಟತೊಡಗುತ್ತದೆ. ಆ ಹೊತ್ತಿಗೆ ನಮ್ಮಲ್ಲಿ ದೀಪಾವಳಿಯ ಸಮಯ. ಗಾಂಧಿ ಬಜಾರಿನ ಹೂವಿನವಳು ಟಾರ್ಪಾಲು ಮಡಚಿ ಅದರ ಮೇಲೇ ಕೂತು, ಎದುರಿಗೆ ಸೊಂಟದೆತ್ತರ ಚೆಂಡುಹೂ ರಾಶಿ ಹಾಕಿಕೊಂಡು, ಚೌಕಾಸಿ ಮಾಡುವವರನ್ನು ಬೈಯುತ್ತಿರುತ್ತಾಳೆ.